ಒರೆಸುವ ಕೈ

ಹಳೆಯ ಸ್ಪಾಟಿಂಗ್ ಸ್ಕೋಪ್ ಒಂದು ಮೇಜಿನ ಮೇಲೆ ಬಂದು ಕುಳಿತರೆ ಸಾಕು, ಸುತ್ತ ನಿಂತವರ ಕೈ ತಮ್ಮ ತಮ್ಮ ಅಂಗಿಯ ತುದಿಯತ್ತ ಹೋಗುತ್ತದೆ. ಮುಂದಿನ ಗಾಜಿನ ಮೇಲೆ ಧೂಳು ಕಾಣುತ್ತಿದೆ. ಬಾಯಿಂದ ಒಮ್ಮೆ ಊದಿ, ಅಂಗಿಯ ತುದಿಯಿಂದ ನಾಲ್ಕು ಸುತ್ತು ತಿಕ್ಕಿದರೆ ಆಯಿತಲ್ಲ! ಗಾಜನ್ನು ಕಂಡರೆ ಒರೆಸಬೇಕು ಎಂಬ ಈ ತಿಳಿವಳಿಕೆಯನ್ನು ಯಾರೂ ಯಾರಿಗೂ ಕಲಿಸಿದ್ದಿಲ್ಲ. ಕನ್ನಡಕ ಹಾಕುವವರಲ್ಲಂತೂ ಅದು ಉಸಿರಾಟದಷ್ಟೇ ಸಹಜ. ಹೀಗಾಗಿ ಇಂಥ ಉಪಕರಣವನ್ನು ಮನೆಯಲ್ಲಿ ಕೂತು ಶುಚಿಮಾಡಲು ಹೊರಟವನಿಗೆ ತಿರುಪು ಬಿಚ್ಚುವುದಕ್ಕಿಂತ ಮೊದಲೇ ಒಂದು ಕೆಲಸವಿರುತ್ತದೆ: ಅದನ್ನು ಹಿತೈಷಿಗಳಿಂದ ಕಾಪಾಡುವುದು.

ಪರಿಚಯವಿಲ್ಲದವರಿಗಾಗಿ ಎರಡು ಮಾತು. ಸ್ಪಾಟಿಂಗ್ ಸ್ಕೋಪ್ ಎಂದರೆ ನೆಲದ ಮೇಲಿನ ದೂರದ ವಸ್ತುಗಳನ್ನು ನೋಡಲು ಮಾಡಿದ ಒಂಟಿ ಕಣ್ಣಿನ ದುರ್ಬೀನು. ನೀರಿನ ಆಚೆ ದಡದಲ್ಲಿ ನಿಂತ ಹಕ್ಕಿಯ ಕಾಲು ಹಳದಿಯೋ ಹಸಿರೋ ಎಂದು ತಕರಾರು ತೆಗೆಯುವವರು, ಗುರಿಹಲಗೆಯಲ್ಲಿ ಗುಂಡು ಎಲ್ಲಿ ತೂರಿದೆ ಎಂದು ಲೆಕ್ಕವಿಡುವವರು ಇದರ ಮುಖ್ಯ ಬಳಕೆದಾರರು. ಮುಂದಿನ ದೊಡ್ಡ ಮಸೂರ ಸಾಮಾನ್ಯವಾಗಿ 60ರಿಂದ 80 ಮಿಲಿಮೀಟರ್ ಅಗಲ. ವಸ್ತುವನ್ನು 15–20 ಪಟ್ಟಿನಿಂದ 60 ಪಟ್ಟಿನವರೆಗೆ ದೊಡ್ಡದಾಗಿ ತೋರಿಸುತ್ತದೆ. ಮುಕ್ಕಾಲಿಯ ಮೇಲೆ ನಿಲ್ಲಿಸದಿದ್ದರೆ ನಮ್ಮ ಎದೆಬಡಿತವನ್ನೂ ಅಷ್ಟೇ ದೊಡ್ಡದಾಗಿ ತೋರಿಸುತ್ತದೆ. ಆಕಾಶ ನೋಡುವ ದೂರದರ್ಶಕ ಬಿಂಬವನ್ನು ತಲೆಕೆಳಗು ಮಾಡಿದರೆ ನಕ್ಷತ್ರಕ್ಕೇನೂ ಬೇಸರವಿಲ್ಲ. ಕೊಕ್ಕರೆಯನ್ನು ಹಾಗೆ ನೋಡಲಾಗುವುದಿಲ್ಲ. ಆದ್ದರಿಂದ ಇದರ ಹೊಟ್ಟೆಯಲ್ಲಿ ಬಿಂಬವನ್ನು ನೆಟ್ಟಗೆ ನಿಲ್ಲಿಸುವ ಪ್ರಿಸಂಗಳಿರುತ್ತವೆ. ಈ ಏರ್ಪಾಡಿಗೆ ಇಟಲಿಯ ಇಗ್ನಾಜಿಯೊ ಪೊರೊ 1854ರಲ್ಲಿ ಪೇಟೆಂಟ್ ಪಡೆದ. ಒಂದರೊಳಗೊಂದು ಸರಿಯುವ ಹಿತ್ತಾಳೆಯ ಕೊಳವೆಗಳ ಹಳೆಯ ಮಾದರಿಗಳಲ್ಲಿ ಆ ಕೆಲಸವನ್ನು ಹೆಚ್ಚುವರಿ ಮಸೂರಗಳೇ ಮಾಡುತ್ತವೆ.

ಈಗ ಆ ಧೂಳಿನ ಲೆಕ್ಕ ನೋಡೋಣ. ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಅಗಲದ ಕಣಗಳು, ಸಣ್ಣವೇನಲ್ಲ, ಬರಿಗಣ್ಣಿಗೇ ಕಾಣುವಂಥವು, ಸಾವಿರ ಸಂಖ್ಯೆಯಲ್ಲಿ ಬಂದು 60 ಮಿಲಿಮೀಟರಿನ ಮಸೂರದ ಮೇಲೆ ಕುಳಿತವು ಎನ್ನೋಣ. ಅವೆಲ್ಲ ಸೇರಿ ತಡೆಯುವ ಬೆಳಕು ಶೇಕಡ 0.3ಕ್ಕಿಂತ ಕಡಿಮೆ. ಅಷ್ಟು ಬೆಳಕಿನ ವ್ಯತ್ಯಾಸ ಯಾವ ಕಣ್ಣಿಗೂ ತಿಳಿಯುವುದಿಲ್ಲ. ಕಣಗಳು ನೋಟದಲ್ಲಿ ಚುಕ್ಕೆಗಳಾಗಿ ಕಾಣಿಸುವುದೂ ಇಲ್ಲ, ಏಕೆಂದರೆ ಉಪಕರಣ ಫೋಕಸ್ ಆಗಿರುವುದು ಎಲ್ಲೋ ದೂರದಲ್ಲಿ, ತನ್ನ ಮೂಗಿನ ತುದಿಯ ಮೇಲೆ ಅಲ್ಲ. ಅದೇ ಧೂಳನ್ನು ಬಟ್ಟೆಯ ಕೆಳಗೆ ಹಿಡಿದು ಉಜ್ಜಿದಾಗ ಮಾತ್ರ ಕಥೆ ಬೇರೆಯಾಗುತ್ತದೆ. ಧೂಳಿನಲ್ಲಿ ಬೆರೆತ ಮರಳಿನ ಪುಡಿ ಗಾಜಿಗಿಂತ ಗಟ್ಟಿ. ಅಂಗಿಯ ತುದಿ ಅದನ್ನು ಗಾಜಿನ ಮೇಲೆ ನಾಲ್ಕು ಸುತ್ತು ಎಳೆದಾಡಿತೆಂದರೆ ನಾಲ್ಕು ಸುತ್ತು ಗೀರು ಬಿತ್ತೆಂದೇ ಲೆಕ್ಕ. ಧೂಳು ನಾಳೆ ಹೋಗಬಹುದು. ಗೀರು ಹೋಗುವುದಿಲ್ಲ.

ಹಾಗಾದರೆ ನೋಟವನ್ನು ನಿಜವಾಗಿ ಕೆಡಿಸುವುದು ಯಾವುದು? ಎದುರಿನಿಂದ ನೋಡಿದರೆ ಸುಲಭಕ್ಕೆ ಕಾಣದ ಒಂದು ತೆಳು ಮಬ್ಬು. ಒಳಗಿನ ಮಸೂರದ ಮೇಲೆ, ಪ್ರಿಸಮ್ಮಿನ ಮುಖದ ಮೇಲೆ ವರ್ಷಗಟ್ಟಲೆ ಸದ್ದಿಲ್ಲದೆ ಹರಡಿಕೊಂಡ ಎಣ್ಣೆಯ ಪೊರೆ ಅದು. ಬೆಳಕನ್ನು ಅದು ತಡೆಯುವುದಿಲ್ಲ, ಚೆದುರಿಸುತ್ತದೆ. ಹಕ್ಕಿಯ ಕಪ್ಪು ರೆಕ್ಕೆ ಬೂದಿಯಾಗಿ, ಬಿಳಿ ಎದೆಯೂ ಬೂದಿಯಾಗಿ ಕಂಡು, ನೋಡುವವನು ತನ್ನ ಕಣ್ಣಿಗೇ ಪೊರೆ ಬಂದಿರಬಹುದೆಂದು ವೈದ್ಯರ ಬಳಿಗೆ ಹೊರಡುತ್ತಾನೆ. ಕಣ್ಣಿಗೆ ಹೊಡೆದು ಕಾಣುವ ಕೊಳೆ ಒಂದು ಕಡೆ, ನೋಟ ಕೆಡಿಸುವ ಕೊಳೆ ಇನ್ನೊಂದು ಕಡೆ. ಒರೆಸುವ ಕೈಗೆ ಮೊದಲನೆಯದು ಮಾತ್ರ ಗೊತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಚಿಕಿತ್ಸೆ ಹಳೆಯ ಉಪಕರಣಗಳ ಪಾಲಿಗೆ ನಿತ್ಯದ ಅನುಭವ.

ಕೊಳೆ ಎಲ್ಲಿದೆ ಎಂದು ತಿಳಿಯಲು ಬಿಚ್ಚಬೇಕಾಗಿಯೂ ಇಲ್ಲ. ಬೆಳಗುವ ಆಕಾಶದ ಕಡೆ ತಿರುಗಿಸಿ, ಸೂರ್ಯನ ಹತ್ತಿರ ಸುಳಿಯದೆ, ನೋಡಿದಾಗ ಚುಕ್ಕೆಯೊಂದು ಕಂಡಿತೆನ್ನಿ. ಕಣ್ಣಿನ ಬಳಿಯ ಐಪೀಸನ್ನು ನಿಧಾನವಾಗಿ ತಿರುಗಿಸಬೇಕು. ಚುಕ್ಕೆಯೂ ಜೊತೆಗೆ ಸುತ್ತಿದರೆ ಅದು ಐಪೀಸಿನದು. ಕದಲದೆ ನಿಂತರೆ ಅದಕ್ಕಿಂತ ಮುಂದೆ, ಪ್ರಿಸಮ್ಮಿನ ಆಸುಪಾಸಿನಲ್ಲಿದೆ. ಸ್ಪಷ್ಟ ಅಂಚಿನ ಚುಕ್ಕೆಯಾದರೆ ಬಿಂಬ ಕೂಡುವ ಜಾಗಕ್ಕೆ ತೀರ ಹತ್ತಿರವಿದೆ ಎಂದು ಅರ್ಥ. ಮುಂದಿನ ದೊಡ್ಡ ಮಸೂರದ ಮೇಲೆ ಸಾವಿರ ಕಣಗಳು ಸುಮ್ಮನೆ ಕುಳಿತಿರುವಾಗ, ಇಲ್ಲಿನ ಒಂದೇ ಒಂದು ಕಣ ದೃಶ್ಯದ ನಟ್ಟನಡುವೆ ಹಕ್ಕಿಯಂತೆ ಕೂತು ಗುರುತಿಸುವವರನ್ನು ದಾರಿ ತಪ್ಪಿಸಬಲ್ಲದು.

ಇನ್ನು ಟಾರ್ಚ್ ಹಾಕಿ ನೋಡುವ ಚಟ. ಒಂದು ತುದಿಯಿಂದ ಟಾರ್ಚ್ ಬೆಳಗಿ ಇನ್ನೊಂದು ತುದಿಯಿಂದ ಇಣುಕಿದರೆ ಒಳಗೆ ಬೂಷ್ಟು ಇದೆಯೇ, ಮಬ್ಬಿದೆಯೇ ಎಂದು ಗೊತ್ತಾಗುತ್ತದೆ, ಒಪ್ಪಿದೆ. ಆದರೆ ಆ ಬೆಳಕಿನಲ್ಲಿ ನಿನ್ನೆ ಕಾರ್ಖಾನೆಯಿಂದ ಬಂದ ಲೆನ್ಸ್ ಕೂಡ ಪಾಪದ ಕೊಡದಂತೆ ಕಾಣುತ್ತದೆ. ಟಾರ್ಚ್ ಹಾಕಿ ನೋಡಿದವನು ಬಿಚ್ಚದೆ ಇರಲಾರ. ನೆಮ್ಮದಿ ಬೇಕಿದ್ದವರು ಟಾರ್ಚಿನ ಬ್ಯಾಟರಿ ತೆಗೆದಿಟ್ಟು, ಸಂಜೆಯ ಬೆಳಕಿನಲ್ಲಿ ದೂರದ ಮರದ ಕೊಂಬೆಯೊಂದನ್ನು ನೋಡುವುದು ಒಳ್ಳೆಯದು. ಕೊಂಬೆ ಕಪ್ಪಗೆ, ಸ್ಪಷ್ಟವಾಗಿ ಕಂಡರೆ ಅಲ್ಲಿಗೆ ಮುಗಿಯಿತು. ಬಿಚ್ಚುವ ಅಗತ್ಯವೇ ಇಲ್ಲ.

ಕೊಳೆ ಎಂದುಕೊಂಡದ್ದು ಕೊಳೆಯೇ ಅಲ್ಲದಿರುವ ಸಂದರ್ಭವೂ ಇದೆ. ನನಗೆ ಇದು ಇಡೀ ವಿಷಯದಲ್ಲೇ ಬಹಳ ಹಿಡಿಸಿದ ಸಂಗತಿ. ಲೇಪನವಿಲ್ಲದ ಬರಿ ಗಾಜಿನ ಪ್ರತಿ ಮುಖವೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಶೇಕಡ 4ನ್ನು ಹಿಂದಕ್ಕೆ ಕಳುಹಿಸುತ್ತದೆ. ಉಪಕರಣದೊಳಗೆ ಅಂಥ ಹತ್ತು ಮುಖಗಳಿದ್ದರೆ ಕಣ್ಣಿಗೆ ತಲುಪುವುದು ಮೂರರಲ್ಲಿ ಎರಡು ಪಾಲು ಬೆಳಕು ಮಾತ್ರ. 19ನೇ ಶತಮಾನದ ಕೊನೆಯ ಭಾಗದಲ್ಲಿ ಇಂಗ್ಲೆಂಡಿನ ಯಾರ್ಕ್ ನಗರದ ದೂರದರ್ಶಕ ತಯಾರಕ ಕುಕ್ ಸಂಸ್ಥೆಯಲ್ಲಿದ್ದ ಹೆರಾಲ್ಡ್ ಡೆನಿಸ್ ಟೇಲರ್ ಒಂದು ವಿಚಿತ್ರವನ್ನು ಗಮನಿಸಿದ. ಗಾಳಿಗೆ, ತೇವಕ್ಕೆ ಮೈಯೊಡ್ಡಿ ಬಣ್ಣಗೆಟ್ಟ ಹಳೆಯ ಲೆನ್ಸುಗಳು ಹೊಳೆಯುವ ಹೊಸ ಲೆನ್ಸುಗಳಿಗಿಂತ ಹೆಚ್ಚು ಬೆಳಕನ್ನು ಒಳಬಿಡುತ್ತಿದ್ದವು! ಹಾಳಾಗಿದೆ ಎಂದು ಎಲ್ಲರೂ ಉಜ್ಜಿ ತೆಗೆಯುತ್ತಿದ್ದ ಆ ನೀಲಿ ಛಾಯೆಯ ಪೊರೆ, ಗಾಜು ತಾನಾಗಿ ಹೊದ್ದುಕೊಂಡ ಪ್ರತಿಫಲನ ತಡೆಯುವ ಲೇಪನವಾಗಿತ್ತು. ಟೇಲರ್ ಲೆನ್ಸುಗಳನ್ನು ರಾಸಾಯನಿಕಗಳಿಂದ ಬೇಕೆಂದೇ ಮುಪ್ಪುಗೊಳಿಸುವ ವಿಧಾನವೊಂದಕ್ಕೆ 1904ರಲ್ಲಿ ಪೇಟೆಂಟ್ ಕೂಡ ಪಡೆದ. ಆದರೆ ಫಲ ಒಂದೊಂದು ಗಾಜಿಗೆ ಒಂದೊಂದು ಥರ ಬರುತ್ತಿದ್ದುದರಿಂದ ಅದು ನೆಲೆಗೊಳ್ಳಲಿಲ್ಲ. ನಿರ್ವಾತದಲ್ಲಿ ಆವಿ ಮಾಡಿ ಲೇಪಿಸುವ ವಿಧಾನ 1935ರಲ್ಲಿ ಜರ್ಮನಿಯ ಜೈಸ್ ಸಂಸ್ಥೆಯ ಅಲೆಕ್ಸಾಂಡರ್ ಸ್ಮಾಕುಲಾನಿಂದ ಬಂತು. ಇಂದು ಹಳೆಯ ಸ್ಕೋಪುಗಳಲ್ಲಿ ನೀಲಿಯೋ ನೇರಳೆಯೋ ಆಗಿ ಮಿನುಗುವುದು ಬಹುಮಟ್ಟಿಗೆ ಮೆಗ್ನೀಸಿಯಂ ಫ್ಲೂರೈಡಿನ ಒಂದೇ ಪದರ. ಅದರ ದಪ್ಪ ಒಂದು ಮಿಲಿಮೀಟರಿನ ಹತ್ತು ಸಾವಿರದ ಒಂದು ಭಾಗ. ಆರಂಭದ ದಿನಗಳ ಲೇಪನಗಳು ಮೆತುವೂ ಆಗಿದ್ದವು. ಹಲ್ಲುಜ್ಜುವ ಪೇಸ್ಟ್ ಹಾಕಿ ಲೆನ್ಸ್ ಉಜ್ಜಿ ಎಂದು ಸಲಹೆ ಕೊಡುವವರಿಗೆ ಈ ದಪ್ಪವನ್ನು ಒಮ್ಮೆ ಹೇಳಿ ನೋಡಬೇಕು.

ಇಷ್ಟೆಲ್ಲ ತಡೆದುಕೊಂಡ ಮೇಲೂ ಮಬ್ಬು ಇದ್ದೇ ಇದೆ, ಬೂಷ್ಟು ಕಂಡಿದೆ, ಫೋಕಸ್ ಚಕ್ರ ಜಗ್ಗುವುದಿಲ್ಲ ಎಂದಾದರೆ ಬಿಚ್ಚಬೇಕು. ಒಂದು ಎಚ್ಚರಿಕೆ: ಈಚಿನ ಜಲನಿರೋಧಕ ಸ್ಕೋಪುಗಳ ಒಳಗೆ ಒಣ ನೈಟ್ರೋಜನ್ ತುಂಬಿ, ರಬ್ಬರ್ ಉಂಗುರಗಳಿಂದ ಮುಚ್ಚಿರುತ್ತಾರೆ. ಅವನ್ನು ಮನೆಯಲ್ಲಿ ಬಿಚ್ಚಿದರೆ ಅನಿಲ ಹೋಗಿ ಮನೆಯ ತೇವದ ಗಾಳಿ ಒಳಗೆ ಸೇರುತ್ತದೆ. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಎಂದರೆ ಇದೇ. ಮನೆಯ ಮೇಜಿಗೆ ತಕ್ಕವು ಅದಕ್ಕಿಂತ ಹಿಂದಿನ ಕಾಲದವು. ಅವುಗಳೊಳಗೆ ಗಾಳಿ ಮೊದಲಿನಿಂದಲೂ ಬಂದು ಹೋಗಿ ಮಾಡುತ್ತಿತ್ತು.

ಹಳೆಯ ಉಪಕರಣದ ಮುಂಭಾಗದಲ್ಲಿ ಮಸೂರವನ್ನು ಹಿಡಿದಿಡುವ ಒಂದು ತಿರುಪಿನ ಉಂಗುರವಿರುತ್ತದೆ, ಅದರಲ್ಲಿ ಎದುರುಬದುರಾಗಿ ಎರಡು ಸಣ್ಣ ಕಚ್ಚುಗಳು. ಎರಡು ಮೊನೆಯ ಲೆನ್ಸ್ ಸ್ಪ್ಯಾನರನ್ನು ಆ ಕಚ್ಚುಗಳಿಗೆ ಕೂರಿಸಿ ತಿರುಗಿಸಬೇಕು. ಸ್ಪ್ಯಾನರ್ ಇಲ್ಲದವರು ಕತ್ತರಿಯನ್ನು ಅಗಲಿಸಿ ಅದರ ಮೊನೆಗಳನ್ನು ಹಾಕುತ್ತಾರೆ. ಉಂಗುರವನ್ನು ಬೆಳಕಿಗೆ ಹಿಡಿದು ನೋಡಿದರೆ ಅವರ ಇತಿಹಾಸವೆಲ್ಲ ಅಲ್ಲಿದೆ: ಕಚ್ಚಿನ ಅಂಚು ಜಜ್ಜಿ ಮೇಲೆದ್ದಿರುತ್ತದೆ, ಕಪ್ಪು ಬಣ್ಣ ಕೆರೆದು ಹಿತ್ತಾಳೆಯ ಹಳದಿ ಇಣುಕುತ್ತದೆ, ಅಲ್ಲಿಂದ ಶುರುವಾದ ಒಂದು ಬಿಲ್ಲಿನಾಕಾರದ ಗೀರು ಗಾಜಿನ ಮೇಲೆ ಹೆಬ್ಬೆರಳಿನ ಅಗಲದಷ್ಟು ಓಡಿ ನಿಂತಿರುತ್ತದೆ. ಕತ್ತರಿ ಜಾರಿದ ಗಳಿಗೆ ಅದು. ನನಗಿಂತ ಮೊದಲು ಈ ಮೇಜಿಗೆ ಕೂತವರ ಬಗ್ಗೆ ಕೋಪ ಬರುತ್ತದೆ. ಆಮೇಲೆ ಅವರಿಗೂ ಹಕ್ಕಿಯನ್ನೇ ನೋಡಬೇಕಿತ್ತಲ್ಲ ಎಂದು ಇಳಿಯುತ್ತದೆ.

ಉಂಗುರ ಕದಲದಿದ್ದರೆ ಬಲ ಹಾಕುವುದಕ್ಕಿಂತ ಮೊದಲು ಹುಡುಕಬೇಕು. ಪಕ್ಕದಲ್ಲೆಲ್ಲೋ ಬಣ್ಣದ ಕೆಳಗೆ, ರಬ್ಬರಿನ ಹೊದಿಕೆಯ ಕೆಳಗೆ, ಧಾನ್ಯದಷ್ಟು ಚಿಕ್ಕ ತಿರುಪೊಂದು ಅದನ್ನು ಬಿಗಿದು ಕಟ್ಟಿರಬಹುದು. ತಯಾರಕರು ತಿರುಪಿನ ಸುತ್ತುಗಳ ಮೇಲೆ ಒಂದು ತೊಟ್ಟು ಮೆರುಗೆಣ್ಣೆ ಬಿಟ್ಟು ಭದ್ರ ಮಾಡಿರಬಹುದು. ಕಡ್ಡಿಯ ತುದಿಯಿಂದ ತುಸು ಅಸಿಟೋನ್ ತಾಗಿಸಿದರೆ ಅದು ಸಡಿಲವಾಗುತ್ತದೆ. ಅಸಿಟೋನ್ ಪ್ಲಾಸ್ಟಿಕ್ಕನ್ನೂ ಬಣ್ಣವನ್ನೂ ಬಿಡುವುದಿಲ್ಲ ಎಂಬುದನ್ನು ಮರೆಯಬಾರದು. ಯಾವುದೂ ಆಗದಿದ್ದರೆ ತಲೆಗೂದಲು ಒಣಗಿಸುವ ಯಂತ್ರದ ಬಿಸಿಗಾಳಿ ಹಲವು ಬಾರಿ ನ್ಯಾಯ ಒದಗಿಸುತ್ತದೆ. ಜಪಾನಿನ ಹಳೆಯ ಸ್ಕೋಪುಗಳಲ್ಲಿ ಇನ್ನೊಂದು ತೊಡಕಿದೆ. ಅಲ್ಲಿನ ಪ್ಲಸ್ ತಲೆಯ ತಿರುಪುಗಳು ನೋಡಲು ಎಲ್ಲ ಕಡೆಯ ಫಿಲಿಪ್ಸ್ ತಿರುಪುಗಳಂತೆಯೇ ಇದ್ದರೂ ಜೆಐಎಸ್ ಎಂಬ ಬೇರೆ ಅಳತೆಯವು. ಫಿಲಿಪ್ಸ್ ಸ್ಕ್ರೂಡ್ರೈವರ್ ಅವುಗಳ ತಳದವರೆಗೆ ಇಳಿಯದೆ ಮೇಲೆದ್ದು ತಲೆಯನ್ನು ಸವೆಸಿಬಿಡುತ್ತದೆ. ಸವೆದ ತಲೆಯ ತಿರುಪನ್ನು ಹೊರತೆಗೆಯುವ ಪ್ರಸಂಗ ಇಲ್ಲಿ ಬೇಡ. ಅದು ಬೇರೆಯದೇ ಪ್ರಬಂಧ, ಮತ್ತು ಲಲಿತವಾಗಿರಲಾರದು.

ಮುಂದಿನ ಮಸೂರ ಒಂದೇ ಗಾಜಿನಂತೆ ಕಂಡರೂ ಅದು ಎರಡು ಗಾಜುಗಳ ಜೋಡಿ. ಬಣ್ಣಬಣ್ಣದ ಅಂಚು ಕಾಣದಿರಲೆಂದು ಕ್ರೌನ್ ಮತ್ತು ಫ್ಲಿಂಟ್ ಎಂಬ ಎರಡು ಜಾತಿಯ ಗಾಜುಗಳನ್ನು ಜೊತೆಗೂಡಿಸುವ ಈ ಉಪಾಯಕ್ಕೆ ಲಂಡನ್ನಿನ ಜಾನ್ ಡೊಲಂಡ್ 1758ರಲ್ಲಿ ಪೇಟೆಂಟ್ ಪಡೆದಿದ್ದ. ಕೆಲವು ಜೋಡಿಗಳನ್ನು ಕೆನಡಾ ಬಾಲ್ಸಂ ಎಂಬ, ಫರ್ ಮರದ ಅಂಟಿನಿಂದ ಸೇರಿಸಿರುತ್ತಾರೆ. ಅಂಚಿನಲ್ಲಿ ಅದು ಹಳದಿಗಟ್ಟಿ ಬಿಟ್ಟುಕೊಂಡಿದ್ದರೂ ನಡುಭಾಗ ತಿಳಿಯಾಗಿದ್ದರೆ ಮುಟ್ಟದಿರುವುದೇ ಮೇಲು. ಆ ಜೋಡಿಯನ್ನು ಯಾವ ದ್ರಾವಕದಲ್ಲೂ ನೆನೆಹಾಕಬಾರದು. ಇನ್ನು ಕೆಲವು ಜೋಡಿಗಳ ನಡುವೆ ಕೂದಲೆಳೆಯ ಗಾಳಿಯ ಸಂದು, ಅದನ್ನು ಕಾಯಲು ಅಂಚಿನಲ್ಲಿ ಸಮದೂರದಲ್ಲಿ ಮೂರು ತವರದ ಹಾಳೆಯ ಚೂರುಗಳು. ಕಸವೆಂದು ಅವನ್ನು ಗುಡಿಸಿ ಎಸೆದವರಿದ್ದಾರೆ. ಎಸೆದ ಮೇಲೆ ಎಂದೂ ಸರಿಯಾಗಿ ಕಾಣಲಿಲ್ಲವೆಂದು ಗಾಜನ್ನು ಬೈದವರೂ ಅವರೇ.

ಆದ್ದರಿಂದ ಹೊರತೆಗೆಯುವ ಮೊದಲು ಗಾಜಿನ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಬಾಣದ ಗುರುತು. ಅಂಚು ನುಣುಪು ಮಾಡದ ಒರಟು ಗಾಜು, ಪೆನ್ಸಿಲು ಚೆನ್ನಾಗಿ ಹಿಡಿಯುತ್ತದೆ. ಎರಡೂ ಗಾಜುಗಳ ಮೇಲೆ ಹಾಯುವಂತೆ ಎಳೆದ ಬಾಣ ಯಾವುದು ಮುಂದು, ಯಾವುದು ಹಿಂದು, ಒಂದಕ್ಕೊಂದು ಎಷ್ಟು ತಿರುಗಿ ಕುಳಿತಿದ್ದವು ಎಂಬ ಮೂರೂ ಪ್ರಶ್ನೆಗಳಿಗೆ ಉತ್ತರ. ನಿಪುಣರ ಕಾರ್ಯಾಗಾರಗಳಲ್ಲೂ ಇದೇ ಪದ್ಧತಿ. ಹಿಂದಿನವರ ಬಾಣ ಅಂಚಿನಲ್ಲಿ ಮೊದಲೇ ಇದ್ದುಬಿಟ್ಟರೆ, ಕತ್ತರಿಯ ಗೀರು ತಂದ ಸಿಟ್ಟೆಲ್ಲ ಅದೇ ಕ್ಷಣ ಕರಗುತ್ತದೆ. ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡರೆ ಸಾಲದೇ ಎನ್ನಬಹುದು. ತೆಗೆದುಕೊಳ್ಳಲಿ; ಆದರೆ ಜೋಡಿಸುವ ಹೊತ್ತಿಗೆ ಎರಡೂ ಕೈಯಲ್ಲಿ ಗಾಜು ಇರುತ್ತದೆ, ಮೊಬೈಲಿನ ಪರದೆ ಆರಿರುತ್ತದೆ.

ಬೂಷ್ಟಿನ ವಿಚಾರ. ಬಿಚ್ಚಿದ ಗಾಜನ್ನು ಓರೆಯಾಗಿ ಹಿಡಿದರೆ ಅದು ಎಲೆ ಉದುರಿದ ಮರದ ಹಾಗೆ ಅಂಚಿನಿಂದ ಕವಲೊಡೆಯುತ್ತ ಒಳಕ್ಕೆ ಬಂದಿರುವುದು ಕಾಣುತ್ತದೆ. ನೋಡಲು ಚೆಲುವಾಗಿದೆ ಎಂದು ಒಪ್ಪಿಕೊಳ್ಳಲೇಬೇಕು. ಅದರ ಬೀಜಕಣಗಳು ಗಾಳಿಯಲ್ಲಿ ಎಲ್ಲೆಲ್ಲೂ ಇವೆ. ಗಾಳಿಯ ತೇವಾಂಶ ಶೇಕಡ 65–70ರ ಮೇಲೆ ಬಹುಕಾಲ ನಿಂತು, ಕತ್ತಲೂ ಕದಲದ ಗಾಳಿಯೂ ಸಿಕ್ಕರೆ ಸಾಕು, ಗಾಜಿನ ಮೇಲಿನ ಜಿಡ್ಡು ಧೂಳುಗಳನ್ನೇ ಉಂಡು ಬೆಳೆಯುತ್ತವೆ. ಅಲ್ಲಿ ನಿಂತಿದ್ದರೆ ಸುಮ್ಮನಿರಬಹುದಿತ್ತು. ಬೆಳೆಯುತ್ತ ಅದು ಆಮ್ಲ ಒಸರಿಸುತ್ತದೆ. ಆಮ್ಲ ಮೊದಲು ಲೇಪನವನ್ನು, ಆಮೇಲೆ ಗಾಜನ್ನೇ ಕೊರೆಯುತ್ತದೆ. ಹೊಸ ಬೂಷ್ಟಾದರೆ ಆಲ್ಕೊಹಾಲಿನ ಒಂದು ಒರೆಗೆ ಹೋಗುತ್ತದೆ. ಹಟಮಾರಿಯಾದರೆ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಅಮೋನಿಯದ ದುರ್ಬಲ ದ್ರಾವಣಗಳನ್ನು ಆಗಲೇ ಬೆರೆಸಿ, ಕಿಟಕಿ ತೆರೆದು ಬಳಸುತ್ತಾರೆ. ಆ ಮಿಶ್ರಣವನ್ನು ಮುಚ್ಚಿದ ಸೀಸೆಯಲ್ಲಿ ಎತ್ತಿಡುವುದು ಅಪಾಯ. ಬೂಷ್ಟು ಹೋದ ಮೇಲೂ ಅದೇ ಕೊಂಬೆಗಳ ಚಿತ್ರ ಗಾಜಿನ ಮೇಲೆ ಉಳಿದಿದ್ದರೆ ಅದು ಕೊರೆದ ಗುರುತು. ಇನ್ನು ಎಷ್ಟು ಒರೆಸಿದರೂ ಅದು ಹೋಗುವುದಿಲ್ಲ, ಒರೆಸುವವನ ತಾಳ್ಮೆ ಹೋಗುತ್ತದೆ. ಅಂಚಿನಲ್ಲಷ್ಟೇ ಇದ್ದರೆ ನೋಟಕ್ಕೆ ಅದರಿಂದ ತೊಂದರೆ ಅತ್ಯಲ್ಪ.

ಕೊನೆಗೂ ಒರೆಸುವ ಹೊತ್ತು ಬಂದಿದೆ. ಮೊದಲು ರಬ್ಬರಿನ ಗಾಳಿಬುರುಡೆಯಿಂದ ಊದುವುದು, ಬಾಯಿಂದಲ್ಲ. ಬಾಯಿಯ ಗಾಳಿಯಲ್ಲಿ ಉಗುಳಿನ ತುಂತುರು ಇದ್ದೇ ಇರುತ್ತದೆ. ಬಳಿಕ ಮೆದು ಕೂದಲಿನ ಬ್ರಷ್ಷು, ಭಾರ ಬಿಡದೆ. ಇಷ್ಟರಲ್ಲಿ ಸಡಿಲ ಧೂಳೆಲ್ಲ ಹೋಗಿ, ಅಂಟಿಕೊಂಡದ್ದು ಮಾತ್ರ ಉಳಿದಿರುತ್ತದೆ. ಲೆನ್ಸ್ ಕಾಗದವನ್ನು ಮಡಿಸಿ, ಮಡಿಕೆಯ ಅಂಚಿಗೆ ಶುದ್ಧ ಐಸೊಪ್ರೊಪೈಲ್ ಆಲ್ಕೊಹಾಲಿನ ಎರಡು ಹನಿ. ಹನಿಗಳನ್ನು ಕಾಗದಕ್ಕೆ ಹಾಕಬೇಕು. ಗಾಜಿಗೆ ನೇರ ಸುರಿದರೆ ಅಂಚಿನ ಸಂದಿಗೆ ಇಳಿದು ಅಲ್ಲಿನ ಕಪ್ಪುಬಣ್ಣವನ್ನು ಕರಗಿಸಿ ಹೊಸ ಕೊಳೆಯನ್ನು ಹೊರತರುತ್ತದೆ. ಕಾಗದದ ತನ್ನ ತೂಕವೇ ಸಾಕು ಎನ್ನುವಷ್ಟು ಹಗುರವಾಗಿ ನಡುವಿನಿಂದ ಅಂಚಿಗೆ ಒಂದೇ ಎಳೆತ. ಎಳೆದ ಕಾಗದವನ್ನು ಎಸೆಯಬೇಕು. ಇದು ಜಿಪುಣರಿಗೆ ಬಹಳ ಕಷ್ಟದ ಘಟ್ಟ. ಇನ್ನೊಂದು ಮಗ್ಗುಲು ಸ್ವಚ್ಛವಾಗಿದೆಯಲ್ಲ ಎಂದು ತಿರುವಿ ಹಾಕುವ ಆಸೆ ಯಾರನ್ನೂ ಬಿಟ್ಟಿಲ್ಲ.

ಆಲ್ಕೊಹಾಲು ಗಾಜಿನ ಮೇಲೆ ಹಿಂದಕ್ಕೆ ಸರಿಯುತ್ತ ಆರುವಾಗ ಅದರ ಅಂಚಿನಲ್ಲಿ ಬಣ್ಣದ ಗೆರೆಗಳು ಕ್ಷಣಮಾತ್ರ ಓಡುತ್ತವೆ. ಒರೆ ಸರಿಯಾಗಿದ್ದರೆ ಗೆರೆಗಳ ಹಿಂದೆ ಏನೂ ಉಳಿಯುವುದಿಲ್ಲ. ಜಿಡ್ಡಿದ್ದರೆ ಸಣ್ಣ ಸಣ್ಣ ದ್ವೀಪಗಳು ನಿಲ್ಲುತ್ತವೆ. ಕೊನೆಯ ಪರೀಕ್ಷೆಗೆ ಗಾಜಿನ ಮೇಲೆ ಮೆಲ್ಲಗೆ, ತುಟಿ ತಾಗಿಸದೆ, ಬಿಸಿಯುಸಿರು ಬಿಡುವುದು. ಉಸಿರಿನ ಮಂಜು ಎಲ್ಲ ಕಡೆ ಒಂದೇ ಸಮನೆ ಹಿಡಿದು ಒಂದೇ ಸಮನೆ ಆರಿದರೆ ಗಾಜು ಶುಚಿ. ಜಿಡ್ಡಿರುವಲ್ಲಿ ಮಂಜು ಬೇರೆ ರೀತಿ ಹಿಡಿದು, ಎಂದೋ ಯಾರೋ ಊರಿದ ಬೆರಳಿನ ಗೆರೆಗಳನ್ನು ಇದ್ದಕ್ಕಿದ್ದಂತೆ ಎತ್ತಿ ತೋರಿಸುತ್ತದೆ. ಬೆರಳಚ್ಚು ಧೂಳಿನಂತೆ ಸಾಧುವಲ್ಲ. ಅದರ ಎಣ್ಣೆ, ಉಪ್ಪು, ಆಮ್ಲಗಳು ಲೇಪನದ ಮೇಲೆ ಕಾಯಂ ಆಗಿ ಕೂರಬಲ್ಲವು. ಕಂಡ ಕೂಡಲೆ ತೆಗೆಯಬೇಕಾದದ್ದು ಅದೊಂದೇ.

ಪ್ರಿಸಂಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೂರಿಸಿದ ಜಾಗದಲ್ಲೇ ಒರೆಸಲು ಸಾಧ್ಯವಿದ್ದರೆ ಹೊರತೆಗೆಯಬಾರದು. ತೆಗೆಯಲೇಬೇಕಾದರೆ ಸುತ್ತ ಪೆನ್ಸಿಲಿನ ಗೆರೆ ಎಳೆದು ತೆಗೆಯಬೇಕು. ಮೂಲೆಯಲ್ಲಿ ಚಕ್ಕೆ ಎದ್ದಿದ್ದರೆ ಚಿಂತೆಯಿಲ್ಲ; ಬೆಳಕು ಆ ದಾರಿಯಲ್ಲಿ ಹೋಗುವುದಿಲ್ಲ. ಎರಡು ಕಣ್ಣಿನ ಬೈನಾಕ್ಯುಲರ್ ಆಗಿದ್ದರೆ ಪ್ರಿಸಂ ತುಸು ವಾಲಿದರೂ ಎರಡು ಕಣ್ಣಿಗೂ ಜಗಳ ಹತ್ತಿ ತಲೆನೋವು ಬರುತ್ತದೆ. ಸ್ಪಾಟಿಂಗ್ ಸ್ಕೋಪಿಗೆ ಒಂದೇ ಕಣ್ಣು. ಮನೆಯಲ್ಲಿ ಕೈಹಾಕಬಹುದೆಂಬ ಧೈರ್ಯ ಬರುವುದೇ ಅದರಿಂದ.

ಮಬ್ಬಿನ ಮೂಲ ಮಾತ್ರ ಗಾಜಿನಲ್ಲಿಲ್ಲ, ಫೋಕಸ್ ತಿರುಪಿನ ಗ್ರೀಸಿನಲ್ಲಿದೆ. ಮುದಿಯಾದ ಗ್ರೀಸು ಒಡೆದು ಎರಡಾಗುತ್ತದೆ. ಅದರ ಎಣ್ಣೆಯ ಅಂಶ ಹರಿದು, ಆವಿಯಾಗಿ, ತಣ್ಣನೆಯ ಗಾಜನ್ನು ಹುಡುಕಿಕೊಂಡು ಹೋಗಿ ಪೊರೆಯಾಗುತ್ತದೆ. ಉಳಿದದ್ದು ತಿರುಪಿನಲ್ಲೇ ಮೇಣವಾಗಿ ಗಟ್ಟಿಯಾಗುತ್ತದೆ. ಗಾಜಿನ ಮಬ್ಬು, ಚಕ್ರದ ಬಿಗಿ ಎರಡೂ ಒಂದೇ ರೋಗದ ಎರಡು ಲಕ್ಷಣಗಳು. ಗಾಜನ್ನು ಮಾತ್ರ ಒರೆಸಿ ಮುಚ್ಚಿದರೆ ಮಬ್ಬು ಮರಳಿ ಬರುತ್ತದೆ. ಆದರೆ ಈ ತಿರುಪು ಬಿಚ್ಚುವುದರಲ್ಲಿ ಒಂದು ಹೊಂಚು ಇದೆ. ಬೇಗ ಫೋಕಸ್ ಆಗಲೆಂದು ಇದಕ್ಕೆ ಒಂದರ ಪಕ್ಕ ಒಂದರಂತೆ ಹಲವು ಸುತ್ತುಗಳನ್ನು ಕೊರೆದಿರುತ್ತಾರೆ, ಪ್ರತಿ ಸುತ್ತಿಗೂ ಬೇರೆ ಬೇರೆ ಬಾಯಿ. ಮರಳಿ ಜೋಡಿಸುವಾಗ ಯಾವ ಬಾಯಿಗೆ ಕೊಟ್ಟರೂ ಸಲೀಸಾಗಿ ಒಳಹೋಗುತ್ತದೆ. ಆದರೆ ಸರಿಯಾದದ್ದು ಒಂದೇ. ತಪ್ಪು ಬಾಯಿಗೆ ಹೋದರೆ ಎಲ್ಲವೂ ಸರಿಯಿದ್ದಂತೆಯೇ ತೋರುತ್ತದೆ, ಚಕ್ರ ಬೆಣ್ಣೆಯಂತೆ ತಿರುಗುತ್ತದೆ, ದೂರದ ಬೆಟ್ಟ ಮಾತ್ರ ಫೋಕಸಿಗೆ ಬರುವುದಿಲ್ಲ. ಆದ್ದರಿಂದ ತಿರುಪು ಕಳಚಿಕೊಳ್ಳುವ ಆ ಒಂದು ಕ್ಷಣಕ್ಕೆ ಕಾದು, ಎರಡೂ ಭಾಗಗಳ ಮೇಲೆ ಎದುರಾಬದುರು ಗೀಟು ಹಾಕಬೇಕು. ಹಳೆಯ ಗ್ರೀಸನ್ನು ಪೂರ್ತಿ ತೊಳೆದು, ಹೊಸದನ್ನು ತೀರ ತೆಳುವಾಗಿ ಹಚ್ಚಬೇಕು. ಇಲ್ಲಿ ಔದಾರ್ಯ ತೋರಿದರೆ ಆ ಔದಾರ್ಯವೇ ಕೆಲವು ವರ್ಷಗಳಲ್ಲಿ ಗಾಜಿನ ಮೇಲೆ ಕಾಣಿಸಿಕೊಳ್ಳುತ್ತದೆ.

ಜೋಡಿಸುವಾಗ ಮುಂದಿನ ಉಂಗುರವನ್ನು ಬಿಗಿಯುವ ಕೈಯೂ ಒರೆಸುವ ಕೈಯ ಒಡಹುಟ್ಟೇ. ಭದ್ರವಾಗಿರಲಿ ಎಂದು ಕೊನೆಯ ಅರ್ಧ ಸುತ್ತು ಹೆಚ್ಚು ತಿರುಗಿಸುತ್ತದೆ. ಗಾಜು ಹಿಡಿತದೊಳಗೆ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಅದು ಗೊತ್ತಾಗುವುದು ರಾತ್ರಿ. ಪ್ರಕಾಶಮಾನವಾದ ಒಂದು ನಕ್ಷತ್ರವನ್ನು ಹಿಡಿದು ಫೋಕಸನ್ನು ಸ್ವಲ್ಪ ಕೆಡಿಸಿದರೆ ಚುಕ್ಕೆ ಹಿಗ್ಗಿ ಉಂಗುರಗಳಾಗುತ್ತದೆ. ಉಂಗುರಗಳು ಗುಂಡಗಿದ್ದು, ಫೋಕಸಿನ ಈಚೆಗೂ ಆಚೆಗೂ ಹೆಚ್ಚುಕಡಿಮೆ ಒಂದೇ ತೆರನಾಗಿದ್ದರೆ ಗಾಜುಗಳು ನೆಮ್ಮದಿಯಾಗಿವೆ. ಮುಮ್ಮೂಲೆಯಾದರೆ ಉಂಗುರ ಬಿಗಿಯಾಯಿತೆಂದು ತಿಳಿಯಬೇಕು, ಒಂದು ಪಕ್ಕಕ್ಕೆ ಬಾಲ ಚಾಚಿದರೆ ಗಾಜು ವಾಲಿ ಕುಳಿತಿದೆ. ಮೋಡವಿದ್ದರೆ ಹಗಲಿನಲ್ಲಿ ದೂರದ ಯಾವುದಾದರೂ ಹೊಳೆಯುವ ಗುಂಡು ವಸ್ತುವಿನ ಮೇಲೆ ಬಿದ್ದ ಬಿಸಿಲಿನ ಮಿಂಚೂ ಆದೀತು. ಮಸೂರ ಬೀಳದಂತೆ, ಆದರೆ ನುಲಿಯದಂತೆ, ಬೆರಳ ತುದಿಯ ಬಲದಲ್ಲಿ ಉಂಗುರವನ್ನು ನಿಲ್ಲಿಸುವುದು ಈ ಇಡೀ ಕೆಲಸದಲ್ಲಿ ಕಲಿಯಲು ಬಹಳ ಹೊತ್ತು ಹಿಡಿಯುವ ಸಂಗತಿ.

ಎಲ್ಲ ಮುಗಿದ ಮೇಲೆ ಮರುದಿನ ಮಧ್ಯಾಹ್ನ ಹೊರಗೆ ತಂದು 60 ಪಟ್ಟಿಗೆ ಏರಿಸಿ ನೋಡಿದರೆ ದೃಶ್ಯವೆಲ್ಲ ಕುದಿಯುತ್ತಿರುತ್ತದೆ. ಅಯ್ಯೋ, ಏನೋ ತಪ್ಪಾಗಿದೆ ಎಂದು ಮತ್ತೆ ಸ್ಪ್ಯಾನರಿಗೆ ಕೈ ಹಾಕುವವರಿದ್ದಾರೆ. ಕುದಿಯುತ್ತಿರುವುದು ಬಿಸಿಯಾದ ನೆಲದ ಮೇಲಿನ ಗಾಳಿ. ಅದನ್ನು ಬಿಚ್ಚಿ ಶುಚಿಮಾಡಲು ಬರುವುದಿಲ್ಲ. ಮೇಲಾಗಿ 60 ಮಿಲಿಮೀಟರಿನ ಮಸೂರದಲ್ಲಿ 60 ಪಟ್ಟಿಗೆ ಹೋದರೆ ಕಣ್ಣಿಗೆ ಬರುವ ಬೆಳಕಿನ ಕಂಬ ಒಂದೇ ಮಿಲಿಮೀಟರ್ ಅಗಲ. 20 ಪಟ್ಟಿನಲ್ಲಿ ಮೂರು ಮಿಲಿಮೀಟರ್. ಹೆಚ್ಚಿನ ಪಟ್ಟು ಕೊಂಡವರ ಸಂತೋಷಕ್ಕೆ, ಕಡಿಮೆ ಪಟ್ಟು ನೋಡುವವರ ಅನುಕೂಲಕ್ಕೆ. ಬೆಳಗಿನ ತಂಪಿನಲ್ಲಿ 20ರಲ್ಲಿ ನೋಡಿದರೆ ಹಕ್ಕಿಯ ಕಾಲಿನ ಬಣ್ಣ ಇತ್ಯರ್ಥವಾಗುತ್ತದೆ.

ಇನ್ನು ಉಳಿದದ್ದು ಎತ್ತಿಡುವ ಪ್ರಶ್ನೆ. ಹಳೆಯ ಸ್ಕೋಪಿನ ಜೊತೆ ಬಹಳ ಸಲ ಒಂದು ಚರ್ಮದ ಪೆಟ್ಟಿಗೆಯೂ ಬರುತ್ತದೆ: ಹೊಲಿಗೆ ಗಟ್ಟಿ, ಬಕ್ಕಲ್ಲು ಹಿತ್ತಾಳೆ, ಒಳಗೆ ಮೆತ್ತನೆಯ ಬಟ್ಟೆಯ ಅಸ್ತರಿ. ನೋಡಿದವರು ಸ್ಕೋಪಿಗಿಂತ ಅದನ್ನೇ ಹೆಚ್ಚು ಮೆಚ್ಚುತ್ತಾರೆ. ದುರ್ದೈವಕ್ಕೆ ಚರ್ಮವೂ ಬಟ್ಟೆಯೂ ತೇವವನ್ನು ಹೀರಿ ಹಿಡಿದಿಡುತ್ತವೆ, ಬೂಷ್ಟಿಗೆ ಅದಕ್ಕಿಂತ ಒಳ್ಳೆಯ ತವರುಮನೆ ಇಲ್ಲ. ಕಷ್ಟಪಟ್ಟು ಶುಚಿಮಾಡಿದ್ದನ್ನು ಅದರೊಳಗಿಟ್ಟು ಬಕ್ಕಲ್ಲು ಹಾಕಿದರೆ ಮಾಡಿದ ಕೆಲಸವನ್ನೆಲ್ಲ ಮತ್ತೆ ಮಾಡುವ ಏರ್ಪಾಡು ಮಾಡಿದಂತೆ. ಸ್ಕೋಪನ್ನು ನಾನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ಕಾಳುಗಳ ಜೊತೆ ಇಡುತ್ತೇನೆ. ಕಾಳುಗಳು ತೇವ ಕುಡಿದು ಹಸಿರಾದಾಗ ಬಿಸಿಮಾಡಿ ಒಣಗಿಸಿದರೆ ಮತ್ತೆ ಕೆಲಸಕ್ಕೆ ಬರುತ್ತವೆ. ಡಬ್ಬಿ ನೋಡಲು ಚೆನ್ನಾಗಿಲ್ಲ ಎಂದು ಮನೆಯಲ್ಲಿ ಎಲ್ಲರ ಅಭಿಪ್ರಾಯ. ಚರ್ಮದ ಪೆಟ್ಟಿಗೆಯಲ್ಲಿ ಈಗ ಸ್ಪ್ಯಾನರು, ಸ್ಕ್ರೂಡ್ರೈವರು, ಗ್ರೀಸಿನ ಕೊಳವೆ ಇವೆ.